ಕುಡಿತವೂ ಬಡತನವೂ

ಕಾವೇರಿಯ ದಡದ ಬೆಟ್ಟದ ಮೇಲೆ ನೆಲೆಸಿದ ಮಲ್ಲಿಕಾರ್ಜುನನಿಂದ ಮುಡುಕುತೊರೆ ಪ್ರಸಿದ್ಧವಾಗಿದೆ. ಅಲ್ಲಿಯ ದನಗಳ ಜಾತ್ರೆಯೂ ಅಷ್ಟೇ ಹೆಸರುವಾಸಿ. ಜಾತ್ರೆಗೆ ಬಂದ ರೈತನು ಎತ್ತಿನ ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ನಡೆಯನ್ನು ಪರೀಕ್ಷಿಸುತ್ತಾನೆ. ಆಮೇಲೆ ಬೆಲೆಯ ಮಾತು. ಎತ್ತಿನ ವಿಷಯದಲ್ಲಿ ಇಷ್ಟು ವಿವೇಕವುಳ್ಳ ನಾವು, ಮನೆಯ ಮಗ ಹಿಡಿದ ಹಾದಿಯನ್ನು ಅಷ್ಟೇ ಎಚ್ಚರದಿಂದ ನೋಡುತ್ತೇವೆಯೇ?

ಬಡತನದ ದುಃಖವನ್ನು ಮರೆಯಲು ಜನ ಕುಡಿಯುತ್ತಾರೆಂಬ ಮಾತುಂಟು. ಲೆಕ್ಕ ಹಾಕಿದರೆ ಈ ಮಾತು ನಿಲ್ಲದು. ದಿನಕ್ಕೆ 100 ರೂಪಾಯಿ ಕುಡಿತಕ್ಕೆ ಹೋದರೆ ವರ್ಷಕ್ಕೆ 36,500 ರೂಪಾಯಿ ಹೋಯಿತು. ಕೂಲಿಯವನ ಮನೆಯಲ್ಲಿ ಅದು ಮಕ್ಕಳ ಓದಿನ ಹಣ, ತಾಯಿಯ ಔಷಧಿಯ ಹಣ. ದುಃಖವನ್ನು ಮರೆಸಬೇಕಾದ ಬಟ್ಟಲೇ ಅದನ್ನು ಇಮ್ಮಡಿಸುತ್ತದೆ.

ಪಾನನಿರೋಧಕ್ಕಾಗಿ ಸರ್ಕಾರ ಶ್ರಮಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಆದರೂ ಅಬಕಾರಿ ತೆರಿಗೆಯು ರಾಜ್ಯದ ಬೊಕ್ಕಸಕ್ಕೆ ದೊಡ್ಡ ಆದಾಯವಾಗಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಚಟ ಹೋಗಲಿಲ್ಲ. ಅದರ ಸ್ಥಾನಕ್ಕೆ ಅಗ್ಗದ ಬ್ರಾಂದಿ, ವಿಸ್ಕಿಗಳು ಬಂದವು. ಕಾನೂನು ಅಂಗಡಿಯನ್ನು ಮುಚ್ಚಿಸಬಲ್ಲುದು. ತರುಣರ ಸಂಜೆಯ ಬಿಡುವನ್ನು ತುಂಬಲಾರದು.

ಅದನ್ನು ತುಂಬುವ ಹೊಣೆ ಊರಿನದು. ವಾಚನಾಲಯ, ಆಟದ ಬಯಲು, ನಾಟಕ, ಭಜನೆ, ಕಸುಬಿನ ಶಿಕ್ಷಣ, ಕೈತುಂಬ ಕೆಲಸ ಇವಿರುವಲ್ಲಿ ತರುಣನು ಹೆಂಡದಂಗಡಿಯತ್ತ ಸುಲಭವಾಗಿ ಹೊರಳನು. ಹಿರಿಯರು ಮೊದಲು ತಾವು ಬಿಟ್ಟು ತೋರಿಸಬೇಕು. ಕುಡಿಯುವ ಕೈ ಬುದ್ಧಿ ಹೇಳಿದರೆ ಯಾರೂ ಕೇಳರು. ಇನ್ನು, ಮೊದಲ ಗುಟುಕನ್ನು ನೀಡುವವನು ಎಷ್ಟೋ ವೇಳೆ ಗೆಳೆಯನೇ. ಅವನಿಗೆ ‘ಬೇಡ’ ಎನ್ನುವುದು ಸ್ನೇಹಕ್ಕೆ ದ್ರೋಹವಲ್ಲ. ಅದೇ ಸ್ನೇಹದ ಮೊದಲ ಕರ್ತವ್ಯ.