ಕಡಲಿನ ಅಪರಾಧಕ್ಕೆ ನ್ಯಾಯಾಲಯ ಬೇಡವೇ?

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪಕ್ಕೂ ಅರಬ್ಬೀ ಸಮುದ್ರಕ್ಕೂ ಏನು ಸಂಬಂಧ? ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯ ಗೌರವಿಸುವ ಊರಿದು. ಒಂದು ಕಾಲದಲ್ಲಿ ಎತ್ತುಗಳ ಬೆನ್ನ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಹೊತ್ತು ತಂದವರು ಈ ಸಮುದಾಯದ ಪೂರ್ವಿಕರು. ಅಮಲಿನಿಂದ ದೂರವಿರಿ ಎಂಬುದು ಸೇವಾಲಾಲರ ಬೋಧನೆಗಳಲ್ಲೊಂದು. ಕಡಲ ದಾರಿಯಲ್ಲಿ ಬರುವ ಸರಕು ಕರಾವಳಿಯಲ್ಲೇ ನಿಲ್ಲುವುದಿಲ್ಲ ಎಂಬುದನ್ನು ಆ ಉಪ್ಪಿನ ಇತಿಹಾಸವೇ ಹೇಳುತ್ತದೆ. ಇಂದಿನ ಸರಕು ಮಾತ್ರ ಬೇರೆ.

2023ರ ಮೇ ತಿಂಗಳಲ್ಲಿ ಮಾದಕ ದ್ರವ್ಯ ನಿಯಂತ್ರಣ ದಳವೂ ನೌಕಾಪಡೆಯೂ ಜೊತೆಗೂಡಿ ಕೇರಳದ ಸಮೀಪದ ಕಡಲಿನಲ್ಲಿ ಸುಮಾರು 2,500 ಕಿಲೋ ಮೆಥಾಂಫೆಟಮೈನ್ ವಶಪಡಿಸಿಕೊಂಡವು. 2024ರ ಫೆಬ್ರವರಿಯಲ್ಲಿ ಗುಜರಾತ್ ಬಳಿಯ ಕಡಲಿನಲ್ಲಿ ಸುಮಾರು 3,300 ಕಿಲೋ ಮಾದಕ ವಸ್ತು, ಅದೇ ವರ್ಷದ ನವೆಂಬರ್‌ನಲ್ಲಿ ಅಂಡಮಾನ್ ಬಳಿ ಮ್ಯಾನ್ಮಾರ್‌ನವರಿದ್ದ ಮೀನುಗಾರಿಕಾ ದೋಣಿಯೊಂದರಲ್ಲಿ ಸುಮಾರು 6,000 ಕಿಲೋ ಸಿಕ್ಕಿತು. ಪತ್ರಿಕೆಗಳು ಸಾವಿರಾರು ಕೋಟಿಯ ಬೆಲೆಯನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿದವು. ಹಿಡಿದವರನ್ನು ಯಾವ ಕಾನೂನಿನಡಿ ಶಿಕ್ಷಿಸಬಹುದು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಈ ಪ್ರಶ್ನೆ ಸಣ್ಣದಲ್ಲ. ನಮ್ಮ ತೀರದಿಂದ 12 ನಾಟಿಕಲ್ ಮೈಲಿಯವರೆಗೆ ದೇಶದ ಸಾರ್ವಭೌಮತ್ವವಿದೆ. 200 ಮೈಲಿಯವರೆಗಿನ ಆರ್ಥಿಕ ವಲಯದಲ್ಲಿ ಮೀನು, ತೈಲ ಮುಂತಾದ ಸಂಪತ್ತಿನ ಮೇಲೆ ಹಕ್ಕಿದೆಯೇ ಹೊರತು ಪೂರ್ಣ ಆಡಳಿತವಿಲ್ಲ. ಅದರಾಚೆ, ಹಡಗಿನ ಮೇಲೆ ಯಾವ ದೇಶದ ಧ್ವಜವಿದೆಯೋ ಆ ದೇಶದ ಕಾನೂನೇ ನಡೆಯುತ್ತದೆ. ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಡಂಬಡಿಕೆಯ 108ನೇ ವಿಧಿ ಮಾದಕ ವಸ್ತು ಸಾಗಾಟ ತಡೆಯಲು ರಾಷ್ಟ್ರಗಳು ಸಹಕರಿಸಬೇಕೆನ್ನುತ್ತದೆ. ಆದರೆ ಅನ್ಯದೇಶದ ಹಡಗನ್ನು ಏರಿ ತಪಾಸಣೆ ಮಾಡಬಹುದಾದ ಸಂದರ್ಭಗಳನ್ನು ಹೇಳುವ 110ನೇ ವಿಧಿಯಲ್ಲಿ ಕಡಲ್ಗಳ್ಳತನವಿದೆ, ಗುಲಾಮರ ಸಾಗಾಟವಿದೆ, ಮಾದಕ ವಸ್ತುವಿಲ್ಲ. 1988ರ ವಿಯೆನ್ನಾ ಒಡಂಬಡಿಕೆಯಂತೆ ಧ್ವಜದ ದೇಶದ ಒಪ್ಪಿಗೆ ಕೇಳಬೇಕು. ಧ್ವಜವೇ ಇಲ್ಲದ ದೋಣಿಯನ್ನು ಏರಬಹುದು. ಆದರೆ ಏರುವುದು ಬೇರೆ, ವಿಚಾರಣೆಗೊಳಪಡಿಸುವುದು ಬೇರೆ.

ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ದೇಶದ ಹೊರಗೆ ಅನ್ವಯವಾಗುವುದು ಭಾರತೀಯ ಪ್ರಜೆಗಳಿಗೆ ಮತ್ತು ಭಾರತದಲ್ಲಿ ನೋಂದಣಿಯಾದ ಹಡಗು, ವಿಮಾನಗಳಲ್ಲಿ ಇರುವವರಿಗೆ. ಹಾಗಿರುವಾಗ ವಿದೇಶೀ ದೋಣಿಯ ವಿದೇಶೀ ನಾವಿಕನನ್ನು ಕಡಲಿನ ಯಾವ ಬಿಂದುವಿನಲ್ಲಿ ಹಿಡಿಯಲಾಯಿತು ಎಂಬುದರ ಮೇಲೆಯೇ ಇಡೀ ಮೊಕದ್ದಮೆ ನಿಲ್ಲಬಹುದು, ಬೀಳಲೂಬಹುದು. 2012ರಲ್ಲಿ ಇಟಲಿಯ ನೌಕಾಯೋಧರು ಕೇರಳದ ಸಮೀಪದ ಕಡಲಿನಲ್ಲಿ ಇಬ್ಬರು ಭಾರತೀಯ ಮೀನುಗಾರರನ್ನು ಗುಂಡಿಕ್ಕಿ ಕೊಂದ ಪ್ರಕರಣದಲ್ಲಿ ಅಧಿಕಾರ ಯಾರದೆಂಬ ವಾದವೇ ವರ್ಷಗಟ್ಟಲೆ ನಡೆದು, 2021ರಲ್ಲಿ ಪರಿಹಾರಧನದೊಂದಿಗೆ ಮೊಕದ್ದಮೆ ಮುಕ್ತಾಯವಾದುದನ್ನು ನಾವು ಮರೆಯುವಂತಿಲ್ಲ.

ಕಾನೂನು ತೊಡಕಿನದೆಂದು ಅದನ್ನೇ ಬದಿಗೊತ್ತುವುದು ಇನ್ನೊಂದು ದಾರಿ. ಅಮೆರಿಕ ಆ ದಾರಿ ಹಿಡಿಯಿತು. 2025ರ ಸೆಪ್ಟೆಂಬರ್ 2ರಂದು ಕೆರಿಬಿಯನ್ ಕಡಲಿನಲ್ಲಿ ದೋಣಿಯೊಂದರ ಮೇಲೆ ದಾಳಿ ನಡೆಸಿ 11 ಮಂದಿಯನ್ನು ಕೊಂದೆವೆಂದು ಅದು ಘೋಷಿಸಿತು. ಅಂಥ ದಾಳಿಗಳು ಮುಂದುವರಿದವು. ಧ್ವಜವಿಲ್ಲದ ದೋಣಿಯವರನ್ನು ತನ್ನ ನ್ಯಾಯಾಲಯದಲ್ಲೇ ವಿಚಾರಿಸಲು ಅನುವಾಗುವ ಕಾಯ್ದೆ ಆ ದೇಶದಲ್ಲಿ 1986ರಿಂದಲೂ ಇದೆ ಎಂಬುದು ಗಮನಾರ್ಹ. ಅಕ್ಟೋಬರ್‌ನ ಒಂದು ದಾಳಿಯಲ್ಲಿ ಬದುಕುಳಿದ ಈಕ್ವೆಡಾರ್ ಪ್ರಜೆಯನ್ನು ಅವನ ದೇಶಕ್ಕೆ ಕಳುಹಿಸಿದಾಗ, ಅವನ ವಿರುದ್ಧ ಸಾಕ್ಷ್ಯವಿಲ್ಲವೆಂದು ಅಲ್ಲಿನ ಅಧಿಕಾರಿಗಳು ಬಿಡುಗಡೆ ಮಾಡಿದರು. ಸತ್ತವರಲ್ಲಿ ಅಂಥವರೆಷ್ಟು ಮಂದಿ ಇದ್ದರು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರೇ ಸಮುದ್ರದ ತಳದಲ್ಲಿದ್ದಾರೆ.

ಮಾದಕ ವಸ್ತು ಮನೆಗಳನ್ನು ಹಾಳುಗೆಡಹುವ ಪಿಡುಗು ಎಂಬುದರಲ್ಲಿ ನಮಗೆ ಸಂಶಯವಿಲ್ಲ. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಸುಮಾರು 38 ಕಿಲೋ ಎಂಡಿಎಂಎ ಹಿಡಿದಾಗ, ಜಾಲ ನಮ್ಮ ಅಂಗಳಕ್ಕೆ ಎಷ್ಟು ಹತ್ತಿರವಿದೆ ಎಂಬುದು ಎಲ್ಲರಿಗೂ ಅರಿವಾಯಿತು. ಆದರೆ ದೋಣಿಯಲ್ಲಿ ಸಿಕ್ಕಿಬೀಳುವವನು ಸಾಮಾನ್ಯವಾಗಿ ಕೂಲಿಗೆ ಬಂದವನು. ಹಣ ಹೂಡಿದವನು ದಡದಲ್ಲಿ ಸುರಕ್ಷಿತ. ದೋಣಿಯನ್ನು ಮುಳುಗಿಸಿದರೆ ಅವನ ಹೆಸರೂ ಅದರೊಂದಿಗೆ ಮುಳುಗುತ್ತದೆ. ಅವನತ್ತ ಬೆರಳು ತೋರಿಸಬಲ್ಲ ಸಾಕ್ಷಿ ಉಳಿಯುವುದು ವಿಚಾರಣೆಯಲ್ಲಿ ಮಾತ್ರ.

ಕಡಲ್ಗಳ್ಳತನದ ವಿಷಯದಲ್ಲಿ ನಮ್ಮ ಸಂಸತ್ತು ಸರಿಯಾದ ಹೆಜ್ಜೆಯಿಟ್ಟಿದೆ. 2022ರ ಕಾಯ್ದೆ ಬಂದ ಬಳಿಕ, 2024ರ ಮಾರ್ಚ್‌ನಲ್ಲಿ ನೌಕಾಪಡೆ ಸೆರೆಹಿಡಿದ 35 ಸೊಮಾಲಿಯನ್ನರನ್ನು ಮುಂಬೈಗೆ ತಂದು ಕಾನೂನಿಗೆ ಒಪ್ಪಿಸಲಾಯಿತು. ಮಾದಕ ವಸ್ತು ಸಾಗಾಟಕ್ಕೂ ಅಂಥದೇ ಸ್ಪಷ್ಟ ಕಾನೂನು ಬೇಕು. ಧ್ವಜರಹಿತ ದೋಣಿಗಳ ಮೇಲಿನ ಅಧಿಕಾರ, ಧ್ವಜದ ದೇಶದಿಂದ ಶೀಘ್ರ ಒಪ್ಪಿಗೆ ಪಡೆಯುವ ಕ್ರಮ, ಬಂಧಿತನಿಗೆ ಅವನ ಭಾಷೆ ಬಲ್ಲ ದುಭಾಷಿ ಮತ್ತು ವಕೀಲ, ಇವೆಲ್ಲವೂ ಅದರಲ್ಲಿರಲಿ. ಅಪರಾಧಿ ನುಣುಚಿಕೊಳ್ಳಬಾರದು, ನಿರಪರಾಧಿ ನಲುಗಲೂಬಾರದು. ಇವೆರಡನ್ನೂ ಒಟ್ಟಿಗೆ ಸಾಧಿಸಲು ಮನುಷ್ಯ ಕಂಡುಕೊಂಡ ಸ್ಥಳ ನ್ಯಾಯಾಲಯವೊಂದೇ. ತೀರದಿಂದ ದೂರವಾದಷ್ಟೂ ಅದರ ಅಗತ್ಯ ಕಡಿಮೆಯಾಗುವುದಿಲ್ಲ.