ದೇಶ ಬದಲಾದರೆ ನಿಲ್ಲುವ ಪಿಂಚಣಿ ಏರಿಕೆ

ನಿವೃತ್ತರಾಗಿ ಪರದೇಶದಲ್ಲಿ ನೆಲೆಸುವ ಬ್ರಿಟಿಷ್ ಹಿರಿಯರ ಪಿಂಚಣಿ ಅವರು ಆರಿಸಿದ ದೇಶವನ್ನು ಅವಲಂಬಿಸಿದೆ. ಅಲ್ಲಿನ ಪೂರ್ಣ ಮೂಲ ಪಿಂಚಣಿ 2010ರಲ್ಲಿ ವಾರಕ್ಕೆ 97.65 ಪೌಂಡ್ ಇದ್ದುದು 2025ರಲ್ಲಿ 176.45 ಆಯಿತು. ಸ್ಪೇನಿನಲ್ಲಿರುವವರಿಗೆ ಈ ಏರಿಕೆ ಸಿಗುತ್ತದೆ. 2010ರಲ್ಲೇ ಪಿಂಚಣಿ ಪಡೆದು ಕೆನಡಾ, ಆಸ್ಟ್ರೇಲಿಯಾ ಅಥವಾ ಭಾರತದಲ್ಲಿ ನೆಲೆಸಿದವರಿಗೆ ಮಾತ್ರ ಇಂದಿಗೂ ಹಳೆಯ ಮೊತ್ತವೇ. ಏರಿಕೆಗೆ ದೇಶಗಳ ನಡುವೆ ಒಪ್ಪಂದ ಬೇಕೆಂಬುದು ಸರಕಾರದ ವಾದ. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಇದನ್ನು ತಾರತಮ್ಯವೆಂದು ಒಪ್ಪಲಿಲ್ಲ. ಕಾನೂನು ಹೀಗಿದ್ದರೂ, ಸಮಾನವಾಗಿ ವಂತಿಗೆ ಕಟ್ಟಿದವರ ನಡುವೆ ಈ ಭೇದ ನ್ಯಾಯವೆಂದು ನಮಗೆ ತೋರುವುದಿಲ್ಲ. ಔಷಧಿಯ ಬೆಲೆ ನಿಂತಲ್ಲೇ ನಿಲ್ಲುವುದಿಲ್ಲವಲ್ಲ! ಬ್ರಿಟನ್ನಿನಲ್ಲಿ ದುಡಿದು ಊರಿಗೆ ಮರಳಲಿರುವ ನಮ್ಮ ಕರಾವಳಿಯ ಬಂಧುಗಳು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಲಿ.