ಎಡಗಾಲಿನ ಬ್ರೇಕ್: ಪರದೆಯ ಪಾಠ, ಘಾಟಿಯ ಪರೀಕ್ಷೆ

ಮಂಗಳೂರು ಕಡೆಯಿಂದ ಬಿ.ಸಿ. ರೋಡ್, ಬಂಟ್ವಾಳ, ವಗ್ಗ ಹಾದು ಬರುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಪುಂಜಾಲಕಟ್ಟೆ ಒಂದು ಪುಟ್ಟ ಪೇಟೆ. ಅಲ್ಲಿಂದ ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿದರೆ ಚಾರ್ಮಾಡಿ ಘಾಟಿ. ಘಾಟಿ ಏರಿದರೆ ಕೊಟ್ಟಿಗೆಹಾರ. ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆವರೆಗಿನ ರಸ್ತೆ ಮೊದಲು ಅಗಲಗೊಂಡಿತು. ಅಲ್ಲಿಂದ ಚಾರ್ಮಾಡಿವರೆಗಿನ ವಿಸ್ತರಣೆಯನ್ನು ಆ ಬಳಿಕ ಕೈಗೆತ್ತಿಕೊಳ್ಳಲಾಯಿತು. ರಸ್ತೆ ಅಗಲವಾದಂತೆ ವೇಗ ಹೆಚ್ಚುವುದು ಸಹಜ. ಆದರೆ ಅದೇ ವೇಗ ಕೊನೆಗೆ ಬಂದು ಮುಟ್ಟುವುದು ಘಾಟಿಯ ತಿರುವುಗಳನ್ನೇ ಎಂಬುದನ್ನು ಮರೆಯುವಂತಿಲ್ಲ.

ಈ ರಸ್ತೆಯಲ್ಲಿ ಓಡುವ ಕಾರುಗಳೂ ಬದಲಾಗುತ್ತಿವೆ. 2014ರಲ್ಲಿ ಮಾರುತಿ ಸುಜುಕಿ ಸಂಸ್ಥೆ ಸೆಲೆರಿಯೊ ಕಾರಿನಲ್ಲಿ ಅಗ್ಗದ ಎಎಂಟಿ ಗೇರ್ ವ್ಯವಸ್ಥೆಯನ್ನು ಪರಿಚಯಿಸಿದ ಮೇಲೆ ಆಟೊಮ್ಯಾಟಿಕ್ ಕಾರು ಸಿರಿವಂತರ ಸ್ವತ್ತಾಗಿ ಉಳಿಯಲಿಲ್ಲ. ಕ್ಲಚ್ ಪೆಡಲ್ ಮಾಯವಾಯಿತು. ಚಾಲಕನ ಎಡಗಾಲು ನಿರುದ್ಯೋಗಿಯಾಯಿತು. ಇದೇ ಅವಧಿಯಲ್ಲಿ ಇನ್ನೊಂದು ಬೆಳವಣಿಗೆಯೂ ನಡೆದಿದೆ. ಗ್ರಾನ್ ಟುರಿಸ್ಮೊ, ಅಸೆಟೊ ಕೋರ್ಸಾದಂತಹ ರೇಸಿಂಗ್ ಸಿಮ್ಯುಲೇಟರುಗಳಲ್ಲಿ ಎಡಗಾಲಿನಿಂದಲೇ ಬ್ರೇಕ್ ಒತ್ತಿ ಅಭ್ಯಾಸವಾದ ಯುವಕರು ನಿಜವಾದ ಕಾರಿನ ಸ್ಟಿಯರಿಂಗ್ ಹಿಡಿಯುತ್ತಿದ್ದಾರೆ. ಪರದೆಯ ಮೇಲೆ ಸಿದ್ಧಿಸಿದ ಈ ವಿದ್ಯೆ ಸಾರ್ವಜನಿಕ ರಸ್ತೆಗೆ ಒಗ್ಗುತ್ತದೆಯೇ?

ವಿದ್ಯೆಯ ಮೂಲ

ಎಡಗಾಲಿನ ಬ್ರೇಕ್ ಕಂಪ್ಯೂಟರ್ ಆಟದಲ್ಲಿ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಉತ್ತರ ಯುರೋಪಿನ ರ‍್ಯಾಲಿ ಚಾಲಕರು ಸಾಬ್ ಮತ್ತು ಮಿನಿ ಕಾರುಗಳಲ್ಲಿ ಇದನ್ನು ಹದಗೊಳಿಸಿದರು. ಫಿನ್ಲೆಂಡಿನ ಟಿಮೊ ಮ್ಯಾಕಿನೆನ್ 1965ರಲ್ಲಿ, ರಾವ್ನೊ ಆಲ್ಟೊನೆನ್ 1967ರಲ್ಲಿ ಮಿನಿ ಕಾರಿನಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಇವರ ಕಾಲುಗಾರಿಕೆಯ ಹಿಂದೆ ಸರಳ ಕಾರಣವಿತ್ತು. ಮುಂಚಕ್ರಗಳಿಗೆ ಎಂಜಿನ್ ಬಲ ದೊರೆಯುವ ಕಾರು ಜಾರುವ ನೆಲದಲ್ಲಿ ತಿರುಗಲು ಒಲ್ಲದೆ ನೇರಕ್ಕೆ ಸಾಗುತ್ತದೆ. ಬಲಗಾಲಿನಿಂದ ಆಕ್ಸಿಲರೇಟರ್ ಒತ್ತಿಟ್ಟೇ ಎಡಗಾಲಿನಿಂದ ಬ್ರೇಕ್ ತಾಗಿಸಿದರೆ ಮುಂಚಕ್ರಗಳನ್ನು ಎಂಜಿನ್ ಉರುಳಿಸುತ್ತಲೇ ಇರುತ್ತದೆ. ಹಿಂಚಕ್ರಗಳು ಮಾತ್ರ ಹಿಡಿತ ಸಡಿಲಿಸುತ್ತವೆ. ಕಾರಿನ ಹಿಂಭಾಗ ಹೊರಳಿ ಮೂತಿ ತಿರುವಿನತ್ತ ಮುಖ ಮಾಡುತ್ತದೆ.

ನಮ್ಮ ಘಾಟಿಯ ಮೇಲಿನ ಚಿಕ್ಕಮಗಳೂರಿಗೂ ರ‍್ಯಾಲಿ ಹೊಸದಲ್ಲ. 2016ರಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿ ಸರಣಿಯ ಭಾರತದ ಸುತ್ತು ಅಲ್ಲಿಯೇ ನಡೆಯಿತು. ಸ್ಕೋಡಾ ಫ್ಯಾಬಿಯಾ ಓಡಿಸಿದ ಗೌರವ್ ಗಿಲ್ ಆ ವರ್ಷದ ಸರಣಿ ಪ್ರಶಸ್ತಿಗೆ ಭಾಜನರಾದರು. ಅಂತಹ ಕಾರುಗಳಲ್ಲಿ ಓಟ ಆರಂಭವಾದ ಮೇಲೆ ಗೇರ್ ಬದಲಿಸಲು ಕ್ಲಚ್ ಬೇಕಿಲ್ಲ. 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ಬೆಂಗಳೂರಿನ ಕುಶ್ ಮೈನಿ ಓಡಿಸುವ ಕಾರಿನಲ್ಲಿಯೂ ಗೇರ್ ಇರುವುದು ಸ್ಟಿಯರಿಂಗಿನ ಹಿಂದೆ, ಬೆರಳ ತುದಿಯಲ್ಲಿ. ಕಾರ್ಟಿಂಗ್ ವಾಹನಗಳಲ್ಲಂತೂ ಬ್ರೇಕ್ ಇರುವುದೇ ಎಡಗಾಲಿನ ಬುಡದಲ್ಲಿ. ಬಾಲ್ಯದಲ್ಲಿ ಕಾರ್ಟ್ ಏರಿದವನ ಎಡಗಾಲು ವರ್ಷಗಟ್ಟಲೆ ಅದೇ ಕೆಲಸ ಮಾಡುತ್ತ ಬಂದಿರುತ್ತದೆ. ಎಡಗಾಲಿಗೆ ಬೇರೆ ಕೆಲಸವಿಲ್ಲದಿರಬೇಕು ಮತ್ತು ಅದು ಪಳಗಿರಬೇಕು. ಈ ಎರಡು ಷರತ್ತುಗಳ ಮೇಲೆ ಇಡೀ ವಿದ್ಯೆ ನಿಂತಿದೆ.

ಪರದೆ ಕಲಿಸದ ಪಾಠ

ಸಿಮ್ಯುಲೇಟರನ್ನು ಹಗುರವಾಗಿ ಕಾಣುವಂತಿಲ್ಲ. 2008ರಲ್ಲಿ ಆರಂಭವಾದ ಜಿಟಿ ಅಕಾಡೆಮಿ ಸ್ಪರ್ಧೆಯಿಂದ ಲೂಕಾಸ್ ಒರ್ಡೊನೆಜ್, 2011ರಲ್ಲಿ ಜಾನ್ ಮಾರ್ಡೆನ್‌ಬರೊ ನೇರವಾಗಿ ನಿಜವಾದ ರೇಸ್ ಕಾರಿಗೆ ಬಡ್ತಿ ಪಡೆದದ್ದು ಎಲ್ಲರಿಗೂ ತಿಳಿದಿದೆ. ಉತ್ತಮ ದರ್ಜೆಯ ಸಿಮ್ಯುಲೇಟರ್ ಪೆಡಲುಗಳಲ್ಲಿರುವ ಲೋಡ್ ಸೆಲ್, ಪೆಡಲ್ ಎಷ್ಟು ಇಳಿಯಿತು ಎಂಬುದನ್ನಲ್ಲ, ಎಷ್ಟು ಬಲ ಬಿತ್ತು ಎಂಬುದನ್ನು ಅಳೆಯುತ್ತದೆ. ಎಡಗಾಲಿಗೆ ಬಲದ ಲೆಕ್ಕ ಕಲಿಸಲು ಇದು ಒಳ್ಳೆಯ ಗುರುವೇ ಸರಿ.

ಆದರೆ ರೇಸ್ ಕಾರಿನ ಬ್ರೇಕ್ ಗಟ್ಟಿ, ಕಾಲೂರಿ ತುಳಿಯಬೇಕು. ಮನೆಯ ಕಾರಿನ ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರಿನ ನೆರವಿದೆ. ಹಗುರವಾಗಿ ಒತ್ತಿದರೂ ಕಾರು ಮುಗ್ಗರಿಸುತ್ತದೆ. ಮನೆಯ ಸಿಮ್ಯುಲೇಟರಿನಲ್ಲಿ ದೇಹಕ್ಕೆ ಎಳೆತದ ಅನುಭವವಿಲ್ಲ. ಕಣ್ಣು, ಕಿವಿ, ಪಾದಗಳಿಂದಲೇ ಎಲ್ಲವನ್ನೂ ಊಹಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಹಿಂದಿನಿಂದ ಬರುವ ಬಸ್ಸಿಲ್ಲ. ತಪ್ಪಿದರೆ ಗುಂಡಿ ಒತ್ತಿ ಮತ್ತೆ ಆರಂಭಿಸಬಹುದು.

ನಮ್ಮ ಬಹುಪಾಲು ಚಾಲಕರ ಎಡಗಾಲು ಕಲಿತಿರುವುದೇನು? ಬೈಕಿನಲ್ಲಿ ಗೇರ್ ಬದಲಿಸುವುದು. ಕಾರಿನಲ್ಲಿ ಕ್ಲಚ್ಚನ್ನು ತಳದವರೆಗೆ ಒತ್ತುವುದು. ಬೈಕಿನಲ್ಲಾಗಲಿ ಕಾರಿನಲ್ಲಾಗಲಿ ಬ್ರೇಕ್ ಹಾಕುವ ಪಾದ ಬಲಗಾಲಿನದೇ. ಕ್ಲಚ್ಚಿಗೆ ಒಗ್ಗಿದ ಎಡಗಾಲು ಆತಂಕದ ಕ್ಷಣದಲ್ಲಿ ಆಟೊಮ್ಯಾಟಿಕ್ ಕಾರಿನ ಅಗಲವಾದ ಬ್ರೇಕ್ ಪೆಡಲನ್ನು ಕ್ಲಚ್ಚೆಂದು ಭಾವಿಸಿ ತುಳಿದರೆ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಹಿಂದಿನವನಿಗೆ ಎಚ್ಚರವಾಗುವಷ್ಟರಲ್ಲಿ ಅನಾಹುತ ಮುಗಿದಿರುತ್ತದೆ.

ಮೂರು ಮೀಟರಿನ ಲೆಕ್ಕ

ಎಡಗಾಲಿನ ಪರ ವಾದಿಸುವವರು ಮುಂದಿಡುವುದು ಸಮಯದ ಲೆಕ್ಕವನ್ನು. ಬಲಗಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಸರಿಯಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕೆಂದು ಇಟ್ಟುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 16.7 ಮೀಟರು ಕ್ರಮಿಸುತ್ತದೆ. ಅಂದರೆ ಎಡಗಾಲಿನಿಂದ ಆಗುವ ಉಳಿತಾಯ ಸುಮಾರು 3.3 ಮೀಟರು. ಇದು ನಗಣ್ಯವಲ್ಲ, ನಿಜ.

ಆದರೆ ಅದೇ ಚಾಲಕ 60ರ ಬದಲು 55 ಕಿ.ಮೀ. ವೇಗದಲ್ಲಿ ಹೋದರೆ? ಪ್ರತಿಕ್ರಿಯೆಗೆ ಒಂದೂವರೆ ಸೆಕೆಂಡು ಹಿಡಿದು, ಒಣ ರಸ್ತೆಯ ಸಾಮಾನ್ಯ ಹಿಡಿತವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಿಲ್ಲುವ ದೂರ ಸುಮಾರು 45 ಮೀಟರಿನಿಂದ 40 ಮೀಟರಿಗೆ ಇಳಿಯುತ್ತದೆ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಈ ಲಾಭ ಇನ್ನೂ ಹೆಚ್ಚು. ವರ್ಷಗಳ ಅಭ್ಯಾಸ ಬೇಡುವ ಕಾಲುಗಾರಿಕೆಗಿಂತ ಐದು ಕಿಲೋಮೀಟರಿನ ಸಂಯಮವೇ ಹೆಚ್ಚು ಫಲ ಕೊಡುತ್ತದೆ ಎಂದಾಯಿತು.

ಇಳಿಜಾರಿನ ಸತ್ಯ

ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವಾಗ ಎಡಗಾಲಿನ ಇನ್ನೊಂದು ದೋಷ ಕಾಣಿಸಿಕೊಳ್ಳುತ್ತದೆ. ಬ್ರೇಕಿನ ಮೇಲೆಯೇ ಇರಿಸಿದ ಪಾದ ತಿಳಿಯದೆಯೇ ಅದನ್ನು ಒತ್ತುತ್ತಿರುತ್ತದೆ. ಬ್ರೇಕ್ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಹಿಂದಿನ ಕೆಂಪು ದೀಪ ಸದಾ ಉರಿಯುವುದರಿಂದ ನಿಜವಾಗಿ ಬ್ರೇಕ್ ಹಾಕಿದ್ದು ಯಾವಾಗ ಎಂಬುದು ಹಿಂಬದಿಯ ಚಾಲಕನಿಗೆ ತಿಳಿಯದು. ಎರಡೂ ಪೆಡಲುಗಳನ್ನು ಒಟ್ಟಿಗೆ ಒತ್ತಿದರೆ ಇಂದಿನ ಹಲವು ಕಾರುಗಳ ಕಂಪ್ಯೂಟರ್ ಎಂಜಿನ್ ಬಲವನ್ನೇ ಕಡಿತಗೊಳಿಸುತ್ತದೆ. ರ‍್ಯಾಲಿ ಚಾಲಕನ ಮೂಲ ತಂತ್ರ ಇಲ್ಲಿ ನಡೆಯುವುದೇ ಇಲ್ಲ. ಘಾಟಿ ಇಳಿಯಲು ಬೇಕಾದದ್ದು ಕೆಳಗಿನ ಗೇರ್. ಎಎಂಟಿ ಕಾರಿನಲ್ಲಿ ಮ್ಯಾನುವಲ್ ಸ್ಥಾನಕ್ಕೆ ಸರಿಸಿ ಎರಡನೆಯ ಗೇರಿನಲ್ಲಿ ಇಳಿದರೆ ಎಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ.

ಕಾನೂನಿನ ಮೌನ

ಹಾಗೆಂದು ಬಲಗಾಲು ತಪ್ಪೇ ಮಾಡದು ಎನ್ನಲಾಗದು. 2019ರ ಏಪ್ರಿಲಿನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರು ಬ್ರೇಕೆಂದು ಆಕ್ಸಿಲರೇಟರ್ ಒತ್ತಿದ ಪರಿಣಾಮ ತಾಯಿ, ಮಗಳು ಬಲಿಯಾದರು. ಪೆಡಲ್ ಗೊಂದಲ ತಡೆಯುವ ಸಾಧನಗಳ ಕುರಿತ ವಿಶ್ವಸಂಸ್ಥೆಯ ವಾಹನ ನಿಯಮ 2024ರ ನವೆಂಬರಿನಲ್ಲಿ ಅಂಗೀಕಾರಗೊಂಡಿತು. ಜಪಾನ್ 2028ರಿಂದ ಹೊಸ ಆಟೊಮ್ಯಾಟಿಕ್ ಕಾರುಗಳಿಗೆ ಅದನ್ನು ಕಡ್ಡಾಯಗೊಳಿಸಲು ತೀರ್ಮಾನಿಸಿದೆ. ಬ್ರಿಟನ್ ಮತ್ತು ಜಪಾನಿನಲ್ಲಿ ಆಟೊಮ್ಯಾಟಿಕ್ ಕಾರಿಗೆ ಸೀಮಿತವಾದ ಪ್ರತ್ಯೇಕ ಪರವಾನಗಿಯೂ ಇದೆ.

ನಮ್ಮ 1988ರ ಮೋಟಾರು ವಾಹನ ಕಾಯ್ದೆ ಬೈಕುಗಳಲ್ಲಿ ಗೇರ್ ಇರುವ, ಇಲ್ಲದ ಎಂಬ ಭೇದ ಮಾಡಿದೆ. ಕಾರಿಗೆ ಬಂದರೆ ಲಘು ಮೋಟಾರು ವಾಹನ ಎಂಬ ಒಂದೇ ವರ್ಗ. ಮೂರು ಪೆಡಲುಗಳ ಕಾರಿನಲ್ಲಿ ಪರೀಕ್ಷೆ ಪಾಸಾದವರು ಮರುದಿನ ಎರಡು ಪೆಡಲುಗಳ ಕಾರು ಏರಬಹುದು. ಕೆಲಸವಿಲ್ಲದ ಎಡಗಾಲನ್ನು ಎಲ್ಲಿಡಬೇಕೆಂದು ಕೇಳುವವರಿಲ್ಲ. ಪ್ರತ್ಯೇಕ ಪರವಾನಗಿ ಬೇಕೇ ಎಂಬುದು ಚರ್ಚೆಯ ವಿಷಯ. ಆದರೆ ಚಾಲನಾ ಶಾಲೆಗಳಲ್ಲಿ ಆಟೊಮ್ಯಾಟಿಕ್ ಕಾರಿನ ಕೆಲವು ಪಾಠಗಳು, ಘಟ್ಟ ಪ್ರದೇಶದ ಜಿಲ್ಲೆಗಳಲ್ಲಾದರೂ ಇಳಿಜಾರಿನ ಅಭ್ಯಾಸ ಕಡ್ಡಾಯವಾಗಲು ಅಂತಹ ಚರ್ಚೆ ಮುಗಿಯುವವರೆಗೆ ಕಾಯಬೇಕಿಲ್ಲ.

ಅಲ್ಲಿಯವರೆಗೆ ಚಾಲಕರು ತಮಗೆ ತಾವೇ ನಿಯಮ ಹಾಕಿಕೊಳ್ಳಬೇಕು. ಮನೆಯಲ್ಲಿ ಒಂದು ಆಟೊಮ್ಯಾಟಿಕ್, ಒಂದು ಗೇರ್ ಕಾರು ಇರುವವರು ಎರಡರಲ್ಲಿಯೂ ಬಲಗಾಲಿನಿಂದಲೇ ಬ್ರೇಕ್ ಹಾಕುವುದು ಲೇಸು. ಇಂದು ಎಡ, ನಾಳೆ ಬಲ ಎನ್ನುವುದು ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಎಡಗಾಲಿನ ಕೌಶಲ ಬೇಕೆನ್ನುವವರಿಗೆ ಸಿಮ್ಯುಲೇಟರ್ ಇದೆ, ಕಾರ್ಟಿಂಗ್ ಟ್ರ್ಯಾಕ್ ಇದೆ, ಮುಚ್ಚಿದ ರ‍್ಯಾಲಿ ಹಾದಿ ಇದೆ. ಪುಂಜಾಲಕಟ್ಟೆಯಿಂದ ಘಾಟಿಯತ್ತ ಸಾಗುವ ರಸ್ತೆಯಲ್ಲಿ ಶಾಲಾ ಮಕ್ಕಳೂ, ಧರ್ಮಸ್ಥಳದ ಯಾತ್ರಿಕರೂ ನಡೆಯುತ್ತಾರೆ. ಅಭ್ಯಾಸದ ಅಂಗಳ ಅದಲ್ಲ.